ಫೋಟೋದಲ್ಲಿ ಮಗು ಕಣ್ಣು ಬೆಳ್ಳಗೆ ಕಂಡ್ರೆ ಹೆದರ್ಬೇಕಾ?

ಮಳೆಹನಿ: ಫ್ಲಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗು ಕಣ್ಣು ಬೆಳ್ಳಗೆ ಹೊಳೆದ್ರೆ ಕ್ಯಾನ್ಸರ್ ಇರಬಹುದು ಅಂತ ಎಲ್ಲಾ ಗ್ರೂಪಲ್ಲೂ ಫಾರ್ವರ್ಡ್ ಬರ್ತಿದೆ. ನಾನು ಓದಿರೋ ಪ್ರಕಾರ ಈ ರೆಟಿನೋಬ್ಲಾಸ್ಟೋಮ ಅನ್ನೋ ಕಣ್ಣಿನ ಕ್ಯಾನ್ಸರ್ 15ರಿಂದ 20 ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರೋದು, ಅದರಲ್ಲೂ 95% ಮಕ್ಕಳು ಬದುಕ್ತಾರೆ. ಇಷ್ಟು ಅಪರೂಪದ ಕಾಯಿಲೆಗೆ ಬಾಣಂತಿಯರನ್ನೆಲ್ಲ ಯಾಕೆ ಹೆದರಿಸ್ಬೇಕು?

ಹಸಿರೆಲೆ: ಮೊದಲನೇ ಲೆಕ್ಕ ಸರಿ, ಎರಡನೇದು ಅರ್ಧ ಸರಿ. ಆ 95% ಶ್ರೀಮಂತ ದೇಶಗಳದ್ದು. 2020ರಲ್ಲಿ 153 ದೇಶಗಳ 4,351 ಮಕ್ಕಳ ಲೆಕ್ಕ ತೆಗೆದಿದ್ರು, ಶ್ರೀಮಂತ ದೇಶಗಳಲ್ಲಿ ಸುಮಾರು 14 ತಿಂಗಳಿಗೆ ಪತ್ತೆ ಆಗ್ತಿದೆ, ತೀರಾ ಬಡ ದೇಶಗಳಲ್ಲಿ 30 ತಿಂಗಳಿಗೆ. ಅಷ್ಟೊತ್ತಿಗೆ ಬಡ ದೇಶದ ಅರ್ಧದಷ್ಟು ಮಕ್ಕಳಿಗೆ ಗಡ್ಡೆ ಕಣ್ಣಿನಿಂದ ಆಚೆ ಹೋಗಿರುತ್ತೆ. ಅಲ್ಲಿ ಮೂರು ವರ್ಷ ಬದುಕೋರು 60%ಗೂ ಕಮ್ಮಿ. ಕಾಯಿಲೆ ಒಂದೇ, ಗೊತ್ತಾಗೋದು ತಡ ಆಗಿದ್ದಕ್ಕೆ ಇಷ್ಟು ವ್ಯತ್ಯಾಸ.

ಪುಟ್ಟಿ_ಅಮ್ಮ: ಮಳೆಹನಿ ಅವ್ರೇ, ನನಗೆ ಆ ಫಾರ್ವರ್ಡ್ ಯಾರೂ ಕಳಿಸ್ಲಿಲ್ಲ. ಮಗಳಿಗೆ ಒಂದೂವರೆ ವರ್ಷ, ಸಂಜೆ ದೀಪದ ಬೆಳಕಲ್ಲಿ ತಲೆ ತಿರುಗಿಸಿದಾಗ ಎಡಗಣ್ಣು ಬೆಕ್ಕಿನ ಕಣ್ಣಿನ ಥರ ಮಿಂಚ್ತಿತ್ತು, ಆಮೇಲೆ ಸ್ವಲ್ಪ ಮೆಳ್ಳೆಗಣ್ಣೂ ಬಂತು, ತೋರಿಸಿದ್ರೆ ದೊಡ್ಡೋಳಾದ್ಮೇಲೆ ಸರಿಹೋಗುತ್ತೆ ಅಂದ್ರು, ನಾವೂ ನಂಬಿ ನಾಲ್ಕು ತಿಂಗಳು ಸುಮ್ಮನೆ ಕೂತ್ವಿ. ಒಂದಿನ ಆಟ ಆಡಿಸ್ತಾ ಎಡಗಣ್ಣು ಮುಚ್ಚಿದೆ, ನಗ್ತಾನೇ ಇದ್ಲು. ಬಲಗಣ್ಣು ಮುಚ್ಚಿದ್ರೆ ನನ್ನ ಕೈ ತಳ್ಳಿ ಕಿರುಚಿಕೊಂಡ್ಲು. ಅವತ್ತು ಗೊತ್ತಾಯ್ತು ಎಡಗಣ್ಣಲ್ಲಿ ಅವಳಿಗೆ ಏನೂ ಕಾಣ್ತಿಲ್ಲ ಅಂತ. ಕಣ್ಣು ತೆಗೀಬೇಕಾಯ್ತು. ಮಗಳು ಉಳಿದಿದ್ದಾಳೆ, ಆ ನಾಲ್ಕು ತಿಂಗಳು ಮಾತ್ರ ನನ್ನ ಬಿಡಲ್ಲ.

ಮಳೆಹನಿ: ಅಕ್ಕಾ, ತಪ್ಪಾಗಿ ಮಾತಾಡಿದ್ರೆ ಕ್ಷಮಿಸಿ. ಆದ್ರೂ ಒಂದು ಡೌಟು, ಚೆನ್ನಾಗಿರೋ ಕಣ್ಣೂ ಕೆಲವೊಮ್ಮೆ ಫೋಟೋದಲ್ಲಿ ಬೆಳ್ಳಗೆ ಕಾಣುತ್ತಲ್ಲ?

ಹಸಿರೆಲೆ: ಕಾಣುತ್ತೆ. ಮಗು ಓರೆಯಾಗಿ ನೋಡ್ತಿದ್ರೆ ಬೆಳಕು ಕಣ್ಣಿನ ನರ ಶುರುವಾಗೋ ಜಾಗಕ್ಕೆ ಬಿದ್ದು ಬೆಳ್ಳಗೆ ಹೊಳೆಯುತ್ತೆ, ಕಣ್ಣಿನ ಪೊರೆ ಇದ್ರೂ ಹಾಗೇ. ಆದ್ರೆ ಅದು ಯಾವುದು ಅಂತ ಮನೇಲಿ ಕೂತು ತೀರ್ಮಾನ ಮಾಡೋಕಾಗಲ್ಲ, ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ಒಳಗೆ ನೋಡ್ಲೇಬೇಕು. ಫೋಟೋ ಚೆನ್ನಾಗಿ ಬಂತು ಅಂದ ಮಾತ್ರಕ್ಕೆ ಏನೂ ಇಲ್ಲ ಅಂತಾನೂ ಅಲ್ಲ.

ಬೆಳಕಿಂಡಿ: ನನಗೆ ಎರಡೂ ಕಣ್ಣಿಗೆ ಬಂದಿತ್ತು, ಈಗ ವಯಸ್ಸು ಮೂವತ್ತು ದಾಟಿದೆ. ನಮ್ಮ ಮನೇಲಿ ಯಾರಿಗೂ ಇಲ್ಲ ಅಂತ ಧೈರ್ಯವಾಗಿರ್ಬೇಡಿ, ನಮ್ಮ ಮನೇಲೂ ಯಾರಿಗೂ ಇರ್ಲಿಲ್ಲ, ಬಹುಪಾಲು ಕೇಸು ಹೀಗೇ. ಆರ್‌ಬಿ1 ಅನ್ನೋ ಜೀನ್ ಕೆಟ್ಟು ಬರೋದಿದು, ನನ್ನ ಥರದೋರಿಂದ ಮಕ್ಕಳಿಗೆ ಹೋಗೋ ಸಾಧ್ಯತೆ 50%. ಅದಕ್ಕೇ ನನ್ನ ಮಗ ಹುಟ್ಟಿದ ವಾರದಲ್ಲೇ ಕಣ್ಣು ಚೆಕ್ ಮಾಡಿಸ್ದೆ. ಇನ್ನೊಂದು, ನಮ್ಮಂಥೋರಿಗೆ ಮುಂದೆ ಮೂಳೆ ಕ್ಯಾನ್ಸರ್ ಥರದ್ದು ಬರೋ ಅಪಾಯ ಇರುತ್ತೆ, ಚಿಕ್ಕೋರಿದ್ದಾಗ ರೇಡಿಯೇಶನ್ ಕೊಟ್ಟಿದ್ರೆ ಇನ್ನೂ ಜಾಸ್ತಿ. ಬದುಕಿದೋರ ಲೆಕ್ಕದಲ್ಲಿ ಇದ್ಯಾವುದೂ ಕಾಣಲ್ಲ.

ದಾರಿಹೋಕ: ಇದನ್ನೆಲ್ಲ ಓದಿ ಕೈ ನಡುಗ್ತಿದೆ. ನಮ್ಮಣ್ಣನ ಮಗನಿಗೆ ಇದೇ ಅಂತ ಹೇಳಿದ್ದಾರೆ, ಒಂದು ಕಣ್ಣು ತೆಗೀಬೇಕಂತೆ. ಬಯಾಪ್ಸಿನೂ ಮಾಡದೆ ಹೇಗೆ ಹೇಳ್ತಾರೆ ಅಂತ ಅಣ್ಣ ಒಪ್ತಿಲ್ಲ, ಬೇರೆ ಔಷಧಿ ನೋಡೋಣ ಅಂತಿದ್ದಾನೆ.

ಹಸಿರೆಲೆ: ಈ ಕಾಯಿಲೆಗೆ ಬೇಕಂತಲೇ ಬಯಾಪ್ಸಿ ಮಾಡಲ್ಲ, ಸೂಜಿ ಚುಚ್ಚಿದ ದಾರೀಲೇ ಹೊರಗೆ ಹರಡಬಹುದು. ಕಣ್ಣೊಳಗೆ ನೋಡಿ, ಸ್ಕ್ಯಾನ್ ಮಾಡಿನೇ ಹೇಳೋದು. ಕೀಮೋ, ಲೇಸರ್, ಗಡ್ಡೆನ ತೀರಾ ತಣ್ಣಗೆ ಮಾಡಿ ಹೆಪ್ಪುಗಟ್ಟಿಸೋದು ಎಲ್ಲಾ ಇದೆ, ಕಣ್ಣು ಉಳಿಯೋ ಹಾಗಿದ್ರೆ ಉಳಿಸೋಕೇ ನೋಡ್ತಾರೆ. ಬೇಕಿದ್ರೆ ಇದೇ ಕಾಯಿಲೆ ನೋಡೋ ಇನ್ನೊಬ್ಬ ಡಾಕ್ಟ್ರಿಗೆ ಈ ವಾರಾನೇ ತೋರಿಸ್ಲಿ.

ಪುಟ್ಟಿ_ಅಮ್ಮ: ತಮ್ಮಾ, ಅಣ್ಣಂಗೆ ನನ್ನ ಮಗಳ ವಿಷಯ ಹೇಳಪ್ಪ. ಕೃತಕ ಕಣ್ಣನ್ನ ತಾನೇ ತೊಳ್ಕೊಂಡು ತಾನೇ ಹಾಕ್ಕೋತಾಳೆ, ಸೈಕಲ್ ಹೊಡೀತಾಳೆ. ಬೇಕಿದ್ರೆ ಅವರ ಹತ್ರ ನಾನೇ ಮಾತಾಡ್ತೀನಿ, ನಂಬರ್ ಮೆಸೇಜ್ ಮಾಡು.

ದಾರಿಹೋಕ: ಮಾಡ್ದೆ ಅಕ್ಕಾ. ಇವತ್ತೇ ಮಾತಾಡಿ, ದಯವಿಟ್ಟು.