ವರ್ಮ್ ಗೇರ್‌ಬಾಕ್ಸ್ ಉಲ್ಟಾ ತಿರುಗಿಸಬಹುದಾ? ಅಡಿಕೆ ಚೀಲ ಇಳಿಸೋ ವಿಂಚ್ ವಿಷಯ

ತೋಟದಮನೆ_ಶಿರಸಿ:
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಚಾಲಿ ಅಡಿಕೆ ಒಣಗಿಸೋದು ತಾರಸಿ ಮೇಲೆ. ಚೀಲ ಹೊತ್ತು ಮೆಟ್ಟಿಲು ಹತ್ತಿ ಇಳಿಯೋಕೆ ಈಗ ಆಳು ಸಿಗೋದಿಲ್ಲ. ಅದಕ್ಕೆ ಒಂದು ಸಣ್ಣ ವಿಂಚ್ ಮಾಡಿಸುತ್ತಿದ್ದೇನೆ. ಗುಜರಿಯಲ್ಲಿ ವರ್ಮ್ ಗೇರ್‌ಬಾಕ್ಸ್ ಸಿಕ್ಕಿತು (ಸ್ಕ್ರೂ ಥರದ ವರ್ಮ್ ಒಂದು ಹಲ್ಲಿನ ವೀಲನ್ನು ತಿರುಗಿಸೋದು), ಪ್ಲೇಟಿನ ಮೇಲೆ 30:1 ಅಂತಿದೆ, ಅಂದರೆ ವರ್ಮ್ 30 ಸುತ್ತಿಗೆ ವೀಲು ಒಂದು ಸುತ್ತು. ಮೋಟರ್ 1 ಎಚ್‌ಪಿ ಸಿಂಗಲ್ ಫೇಸ್, 1440 ಆರ್‌ಪಿಎಂ. ಡ್ರಮ್ಮಿಗೆ 150 ಎಂಎಂ ಪೈಪು. ಒಂದು ಸಲಕ್ಕೆ ಹೆಚ್ಚೆಂದರೆ 100 ಕೆಜಿ.

ಇಳಿಸುವಾಗ ಮೋಟರ್ ಉಲ್ಟಾ ತಿರುಗಬೇಕಲ್ವಾ? ನಮ್ಮೂರ ವೆಲ್ಡಿಂಗ್‌ನವರು "ವರ್ಮ್ ಒಂದೇ ಕಡೆ ತಿರುಗೋದು, ರಿವರ್ಸ್ ಕೊಟ್ಟರೆ ಹಲ್ಲು ಹೋಗುತ್ತೆ" ಅಂತಾರೆ. ಇನ್ನೊಬ್ಬರು "ವರ್ಮ್ ತಾನೇ ಲಾಕ್ ಆಗುತ್ತೆ, ಬ್ರೇಕ್ ಹಾಕಿಸೋದು ದಂಡ" ಅಂತಾರೆ. ಯಾರ ಮಾತು ಕೇಳಲಿ?

ಗೇರ್_ರಿಪೇರಿ_ಹುಬ್ಬಳ್ಳಿ:
ಇಬ್ಬರ ಮಾತೂ ಕೇಳಬೇಡಿ ಸರ್. ನಾನು ಗೋಕುಲ ರಸ್ತೆಯಲ್ಲಿ ಗೇರ್‌ಬಾಕ್ಸ್ ಬಿಚ್ಚಿ ಕಟ್ಟೋ ಕೆಲಸದವನು. ನನ್ನ ಬೆಂಚಿನ ಮೇಲೆ ದಿನಾ ಇದೇ ವಾದ ನಡೆಯುತ್ತೆ.

ನೀವು ಕೇಳಿದ್ದರಲ್ಲಿ ಎರಡು ಪ್ರಶ್ನೆ ಇವೆ. ಮೋಟರ್ ಉಲ್ಟಾ ತಿರುಗಿಸಿದರೆ ಬಾಕ್ಸ್ ತಡೆಯುತ್ತಾ ಅನ್ನೋದು ಒಂದು. ಧಾರಾಳವಾಗಿ ತಡೆಯುತ್ತೆ. ವರ್ಮಿಗೆ ಬಲ ಯಾವುದು ಎಡ ಯಾವುದು ಅಂತ ಭೇದ ಇಲ್ಲ. ಕೆಲವು ಬಾಕ್ಸಿನ ಒಳಗೆ ಹಿಂದಕ್ಕೆ ತಿರುಗದ ಹಾಗೆ ಬ್ಯಾಕ್‌ಸ್ಟಾಪ್ ಬೇರಿಂಗ್ ಕೂರಿಸಿರುತ್ತಾರೆ, ಆಗ ಬಾಡಿ ಮೇಲೆ ಬಾಣದ ಗುರುತು ಇರುತ್ತೆ. ಅಂಥದ್ದಕ್ಕೆ ಮಾತ್ರ ರಿವರ್ಸ್ ಕೊಡಬಾರದು. ಪರೀಕ್ಷೆ ಸುಲಭ. ಮೋಟರ್ ಬಿಚ್ಚಿ, ವರ್ಮ್ ಶಾಫ್ಟನ್ನು ಕೈಯಲ್ಲಿ ಎರಡೂ ಕಡೆ ತಿರುಗಿಸಿ ನೋಡಿ.

ಹಲ್ಲು ಹೋಗುತ್ತೆ ಅನ್ನೋ ಮಾತಿಗೂ ಒಂದು ಆಧಾರ ಇದೆ. ಬೇರೆ ಮಿಷನ್‌ಗಳಲ್ಲಿ ರಿವರ್ಸ್ ಕೊಟ್ಟಾಗ ಹಲ್ಲಿನ ಇನ್ನೊಂದು ಮುಖಕ್ಕೆ ಲೋಡ್ ಬರುತ್ತೆ. ವರ್ಮನ್ನು ಉದ್ದಕ್ಕೆ ತಳ್ಳೋ ಒತ್ತಡವೂ ಆಚೆ ಬೇರಿಂಗಿನ ಮೇಲೆ ಬೀಳುತ್ತೆ. ಬೇರಿಂಗಲ್ಲಿ ಪ್ಲೇ (ಸಡಿಲ) ಇದ್ದರೆ ಪ್ರತಿ ಸಲ "ಟಕ್" ಅನ್ನುತ್ತೆ. ಆದರೆ ವಿಂಚಿನ ಕಥೆ ಬೇರೆ. ಚೀಲ ಮೇಲೆ ಹೋಗಲಿ ಕೆಳಗೆ ಬರಲಿ, ಭಾರ ಎಳೆಯೋದು ಕೆಳಕ್ಕೇ. ಹಾಗಾಗಿ ಹಲ್ಲಿನ ಒಂದೇ ಮುಖ ಎರಡೂ ಹೊತ್ತು ಕೆಲಸ ಮಾಡುತ್ತೆ, ಒತ್ತಡವೂ ಒಂದೇ ಬೇರಿಂಗಿಗೆ. ನಿಮ್ಮ ವೆಲ್ಡಿಂಗ್‌ನವರ ಹೆದರಿಕೆ ಇಲ್ಲಿ ಅನ್ವಯಿಸೋದೇ ಇಲ್ಲ.

ಎರಡನೇ ಪ್ರಶ್ನೆ ಜಾಸ್ತಿ ಮುಖ್ಯ. ಕರೆಂಟ್ ಹೋದಾಗ ಚೀಲವೇ ಡ್ರಮ್ ತಿರುಗಿಸಿ, ಗೇರ್‌ಬಾಕ್ಸನ್ನು ಹಿಂದಿನಿಂದ ಓಡಿಸಬಹುದಾ? ಇದು ವರ್ಮಿನ ಮೇಲೆ ಸ್ಕ್ರೂ ಥರ ಸುತ್ತಿರೋ ಪಟ್ಟೆ (ಥ್ರೆಡ್) ಎಷ್ಟು ಓರೆ ಇದೆ ಅನ್ನೋದರ ಮೇಲೆ ನಿಂತಿದೆ. ಹಲಗೆ ಮೇಲೆ ಮೂಟೆ ಇಟ್ಟ ಹಾಗೆ: ಸ್ವಲ್ಪ ಓರೆ ಇದ್ದರೆ ಮೂಟೆ ಕೂತಿರುತ್ತೆ, ಹಲಗೆ ಎತ್ತುತ್ತಾ ಹೋದರೆ ಒಂದು ಹಂತದಲ್ಲಿ ಜಾರುತ್ತೆ. 60:1 ಬಾಕ್ಸಿನಲ್ಲಿ ಸಾಮಾನ್ಯವಾಗಿ ಒಂದೇ ಪಟ್ಟೆ, ಓರೆ ಸುಮಾರು 3 ಡಿಗ್ರಿ. ಅದು ನಿಂತಲ್ಲೇ ನಿಲ್ಲುತ್ತೆ. 10:1ರಲ್ಲಿ ಮೂರೋ ನಾಲ್ಕೋ ಪಟ್ಟೆ ಇರುತ್ತೆ, ಅದನ್ನು ಔಟ್‌ಪುಟ್ ಕಡೆಯಿಂದ ಕೈಯಲ್ಲೇ ತಿರುಗಿಸಬಹುದು. ನಿಮ್ಮ 30:1 ಸರಿಯಾಗಿ ಗಡಿ ಮೇಲೆ ಕೂತಿದೆ. ಹೊಸದಿದ್ದಾಗ ಬಿಗಿ. ಓಡಿ ಓಡಿ ನುಣುಪಾದ ಗನ್‌ಮೆಟಲ್ ವೀಲು, ಬಿಸಿ ಆಯಿಲ್, ಪಕ್ಕದಲ್ಲೇ ಅಡಿಕೆ ಸುಲಿಯೋ ಮಿಷನ್ನಿನ ಅದುರು, ಇಷ್ಟು ಸೇರಿದರೆ ಜಾರಬಹುದು. ಗುಜರಿ ಮಾಲು ಅಂದಮೇಲೆ ಒಳಗೆ ಎಷ್ಟು ಸವೆದಿದೆ ಅಂತ ಬಿಚ್ಚದೆ ಗೊತ್ತಾಗಲ್ಲ.

ಇನ್ನೊಂದು. ನಿಂತಿರೋ ಚೀಲ ಹಿಡಿದುಕೊಳ್ಳೋದು ಬೇರೆ, ಇಳಿಯುತ್ತಿರೋ ಚೀಲ ನಿಲ್ಲಿಸೋದು ಬೇರೆ. ಓಡುವಾಗ ಹಲ್ಲುಗಳ ನಡುವೆ ಆಯಿಲ್ ಪದರ ಬಂದಿರುತ್ತೆ, ಹಿಡಿತ ಅರ್ಧಕ್ಕಿಂತ ಕಡಿಮೆ ಆಗುತ್ತೆ. ಬ್ರೇಕ್ ಇರೋ ಮೋಟರ್ ಹಾಕಿಸಿ.

ವೈಂಡಿಂಗ್_ಅಂಗಡಿ:
ಮೋಟರ್ ಬಗ್ಗೆ ನನ್ನದೊಂದು ಮಾತು. ತ್ರೀ ಫೇಸ್ ಆದರೆ ಯಾವುದಾದರೂ ಎರಡು ವಯರ್ ಅದಲು ಬದಲು ಮಾಡಿದರೆ ರಿವರ್ಸ್. ಸಿಂಗಲ್ ಫೇಸಲ್ಲಿ ಮೇನ್ ವಯರ್ ಬದಲಿಸಿದರೆ ಏನೂ ಆಗಲ್ಲ. ಸ್ಟಾರ್ಟಿಂಗ್ ವೈಂಡಿಂಗಿನ ಎರಡು ತುದಿ ಬದಲಿಸಬೇಕು. ಆ ತುದಿಗಳು ಟರ್ಮಿನಲ್ ಬಾಕ್ಸಿಗೆ ಬಂದಿವೆಯಾ ನೋಡಿ, ಇಲ್ಲದಿದ್ದರೆ ಒಳಗಿಂದ ಎಳೆದು ತರಬೇಕು.

ಒಳಗೆ ಸೆಂಟ್ರಿಫ್ಯೂಗಲ್ ಸ್ವಿಚ್ (ಸ್ಪೀಡು ಬಂದ ಮೇಲೆ ಸ್ಟಾರ್ಟಿಂಗ್ ವೈಂಡಿಂಗ್ ಕಟ್ ಮಾಡೋದು) ಇರೋ ಮೋಟರ್ ಆದರೆ ಪೂರ್ತಿ ನಿಂತ ಮೇಲೆಯೇ ರಿವರ್ಸ್ ಕೊಡಿ. ಓಡುವಾಗ ಸ್ಟಾರ್ಟಿಂಗ್ ವೈಂಡಿಂಗ್ ಕಟ್ ಆಗಿರುತ್ತೆ. ಆಗ ಸ್ವಿಚ್ ತಿರುಗಿಸಿದರೂ ಮೋಟರ್ ಇದ್ದ ಕಡೆಗೇ ಓಡುತ್ತೆ. ಇಳಿಯಲಿ ಅಂತ ನೀವು ತಿರುಗಿಸ್ತೀರಿ, ಅದು ಹತ್ತುತ್ತಲೇ ಇರುತ್ತೆ.

ಗಿರಣಿಪಕ್ಕ:
ಸುಮ್ನೆ ಹೆದರಿಸ್ತೀರಿ ಮಾರಾಯ್ರೆ. ನಮ್ಮ ಗಿರಣಿಯಲ್ಲಿ 60ರ ಬಾಕ್ಸ್ ಬ್ರೇಕ್ ಇಲ್ಲದೆ ಎಷ್ಟೋ ವರ್ಷದಿಂದ ಓಡ್ತಿದೆ. ಒಂದು ಇಂಚು ಜಾರಿಲ್ಲ.

ಗೇರ್_ರಿಪೇರಿ_ಹುಬ್ಬಳ್ಳಿ:
60 ಅಂದ್ರಲ್ಲ, ಅಲ್ಲೇ ಉತ್ತರ ಇದೆ. ಅವರದ್ದು 30. ವರ್ಮ್ ಅಂದರೆ ಲಾಕ್ ಅನ್ನೋದು ಪೂರ್ತಿ ನಿಜ ಆಗಿದ್ದರೆ ಪೂಜೋ 404 ಕಾರು ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. 1960ರಲ್ಲಿ ಬಂದ ಆ ಕಾರಿನ ಹಿಂದಿನ ಆಕ್ಸಲಿನಲ್ಲಿ ವರ್ಮ್ ಗೇರೇ ಇತ್ತು. ಆಕ್ಸಿಲರೇಟರ್ ಬಿಟ್ಟಾಗ ಚಕ್ರವೇ ವರ್ಮನ್ನು ತಿರುಗಿಸಬೇಕಲ್ವಾ? ಲಾಕ್ ಆದರೆ ಚಕ್ರ ಉಜ್ಜಿಕೊಂಡು ನಿಲ್ಲುತ್ತಿತ್ತು. ಹಳೇ ಕಟ್ಟಡಗಳ ಲಿಫ್ಟ್ ಮಿಷನ್ನೂ ವರ್ಮೇ. ಮೋಟರ್ ಪಕ್ಕದಲ್ಲಿ ದೊಡ್ಡ ಬ್ರೇಕ್ ಡ್ರಮ್ ಇಟ್ಟಿರೋದು ಅಲಂಕಾರಕ್ಕಲ್ಲ.

ಹಳ್ಳದ_ಕರೆಂಟು:
ಮಧ್ಯೆ ಬಂದೆ, ಬೇಜಾರಾಗಬೇಡಿ. ನಮ್ಮ ತೋಟದ ಹಳ್ಳಕ್ಕೆ ಸಣ್ಣ ಟರ್ಬೈನ್ ಇಡಬೇಕು ಅಂತಿದ್ದೇನೆ. ಚಕ್ರ ನಿಧಾನ, ಡೈನಮೋಗೆ ಸ್ಪೀಡು ಬೇಕು. ವರ್ಮ್ ಬಾಕ್ಸನ್ನು ತಿರುವಿ ಹಾಕಿದರೆ ಸ್ಪೀಡು ಹೆಚ್ಚುತ್ತಲ್ವಾ?

ಗೇರ್_ರಿಪೇರಿ_ಹುಬ್ಬಳ್ಳಿ:
ಬೇಡ. ಮುಂದಕ್ಕೆ ಓಡುವಾಗ 70 ಪರ್ಸೆಂಟ್ ಪವರ್ ದಾಟಿಸೋ ವರ್ಮ್ ಬಾಕ್ಸ್, ಹಿಂದಿನಿಂದ ಓಡಿಸಿದರೆ ಹೆಚ್ಚುಕಡಿಮೆ 57 ದಾಟಿಸುತ್ತೆ. ಮುಂದಕ್ಕೇ 50 ಇರೋದು ಹಿಂದಿನಿಂದ ಅಲ್ಲಾಡೋದೇ ಇಲ್ಲ. ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತೆ. ಹಳ್ಳದ ನೀರಲ್ಲಿ ಆಯಿಲ್ ಕಾಯಿಸಿದ ಹಾಗಾಯಿತು. ಬೆಲ್ಟು ಪುಲ್ಲಿ ಹಾಕಿ, ಕಡಿಮೆ ದುಡ್ಡು, ರಿಪೇರಿಯೂ ನೀವೇ ಮಾಡ್ಕೋಬಹುದು.

ತೋಟದಮನೆ_ಶಿರಸಿ:
ಎಲ್ಲರಿಗೂ ಧನ್ಯವಾದ. ಶಾಫ್ಟ್ ಎರಡೂ ಕಡೆ ಸಲೀಸಾಗಿ ತಿರುಗುತ್ತೆ, ಬಾಣದ ಗುರುತಿಲ್ಲ. ಬ್ರೇಕ್ ಮೋಟರ್ ವಿಚಾರಿಸ್ತೇನೆ. ಆಯಿಲ್ ಯಾವುದು ಹಾಕಲಿ? ಮನೇಲಿ ಜೀಪಿನ ಗೇರ್ ಆಯಿಲ್ ಒಂದು ಡಬ್ಬಿ ಇದೆ.

ಗೇರ್_ರಿಪೇರಿ_ಹುಬ್ಬಳ್ಳಿ:
ಅದು ಜೀಪಿಗೇ ಇರಲಿ. ಅದರಲ್ಲಿರೋ ಗಂಧಕದ ಕೆಮಿಕಲ್ ಬಿಸಿಯಾದಾಗ ಗನ್‌ಮೆಟಲನ್ನು ತಿನ್ನುತ್ತೆ. ಅಂಗಡಿಯಲ್ಲಿ ವರ್ಮ್ ಗೇರಿಗೆ 460 ಗ್ರೇಡ್ ಅಂತ ಕೇಳಿ. ಹಳೇ ಆಯಿಲ್ ಪೂರ್ತಿ ಸುರಿದು ಬಿಡಿ. ಆ ಆಯಿಲ್‌ನಲ್ಲಿ ಹೊಂಬಣ್ಣದ ಪುಡಿ ಜಾಸ್ತಿ ಕಂಡರೆ ವೀಲು ಸವೆದಿದೆ ಅಂತ ಅರ್ಥ, ಬಿಚ್ಚಿಸಿ ನೋಡಿ. ಹಲ್ಲೇ ಕಿತ್ತು ಹೋದರೆ ಮೋಟರಿನ ಬ್ರೇಕ್ ಏನೂ ಮಾಡಲ್ಲ. ಅದಕ್ಕೇ ಚೀಲದ ಕೆಳಗೆ ಯಾರೂ ನಿಲ್ಲಬಾರದು, ಮನುಷ್ಯರನ್ನಂತೂ ಹತ್ತಿಸಲೇಬಾರದು.

ಹಗ್ಗದ ವಿಷಯ ಯಾರೂ ಹೇಳಲಿಲ್ಲ. ಚೀಲ ನೆಲ ಮುಟ್ಟಿದ ಮೇಲೂ ರಿವರ್ಸ್ ಒತ್ತೇ ಹಿಡಿದರೆ ಹಗ್ಗ ಪೂರ್ತಿ ಬಿಚ್ಚಿಕೊಂಡು, ಡ್ರಮ್ಮಿಗೆ ಆಚೆ ಕಡೆಯಿಂದ ಸುತ್ತೋಕೆ ಶುರುವಾಗುತ್ತೆ. ಆಗ ಇಳಿಸೋ ಬಟನ್ ಒತ್ತಿದರೆ ಚೀಲ ಏಳುತ್ತೆ. ಕೆಳಗೆ ನೆಲ ಮುಟ್ಟಿದಾಗಲೂ ಡ್ರಮ್ ಮೇಲೆ ಮೂರು ಸುತ್ತು ಉಳಿಯೋ ಹಾಗೆ ಉದ್ದ ಇಟ್ಟುಕೊಳ್ಳಿ. ಮೇಲೆ ಒಂದು ಲಿಮಿಟ್ ಸ್ವಿಚ್ (ಚೀಲ ತುದಿಗೆ ಬಂದಾಗ ಮೋಟರ್ ತಾನೇ ನಿಲ್ಲಿಸೋದು) ಹಾಕಿಸಿ. ನಿಮ್ಮ ಲೆಕ್ಕದಲ್ಲಿ ಹಗ್ಗ ನಿಮಿಷಕ್ಕೆ 22 ಮೀಟರ್ ಓಡುತ್ತೆ. ತಾರಸಿ ಮನೆಗೆ ಅದು ಜೋರಾಯಿತು. 60ರ ಬಾಕ್ಸ್ ಸಿಕ್ಕರೆ ಬದಲಿಸಿಕೊಳ್ಳಿ.