ಪುಟ್ಟಿ, ಫ್ರಿಜ್ಜಿಗೆ ಮಾತ್ರ ಇಡಬೇಡ

ಪುಟ್ಟೀ, ನಿನ್ನ ಮೆಸೇಜು ಈಗ ನೋಡಿದೆ. ಕನ್ನಡಕ ಎಲ್ಲಿಟ್ಟೆನೋ ಸಿಗುತ್ತಿಲ್ಲ, ಅದಕ್ಕೆ ಮಾತಲ್ಲೇ ಹೇಳಿಬಿಡುತ್ತೇನೆ, ಉದ್ದ ಆದರೆ ಬೈಕೋಬೇಡ. ನಾಳಿದ್ದು ನವೆಂಬರ್ 1, ನಿಮ್ಮ ಅಪಾರ್ಟ್‌ಮೆಂಟಿನ ಕನ್ನಡ ಸಂಘಕ್ಕೆ 60 ಕುಕೀಸ್, ಎಲ್ಲದರ ಮೇಲೂ ಸಂಘದ ಲೋಗೋ, ಕೆಂಪು ಗುರಾಣಿ, ಒಳಗೆ ಬಿಳಿ ಗಂಡಭೇರುಂಡ. ನಿನ್ನೆ ಮಾಡಿ ನೋಡಿದ್ದರಲ್ಲಿ ಕೆಂಪೆಲ್ಲ ಹಕ್ಕಿಯ ರೆಕ್ಕೆಗೆ ಇಳಿದುಬಿಟ್ಟಿದೆ. ಮಳೆ ಬೇರೆ, ಐಸಿಂಗ್ ಒಣಗುತ್ತಿಲ್ಲ. ನಿಮ್ಮ ಅತ್ತೆ ಫ್ರಿಜ್ಜಲ್ಲಿಡು ಬೇಗ ಗಟ್ಟಿಯಾಗುತ್ತೆ ಅಂದರು, ಇಡಲಾ ದೊಡ್ಡಮ್ಮ ಅಂತ ಕೇಳಿದ್ದೀಯ, ಅಲ್ವಾ?

ಇಡಬೇಡ. ಬೇರೆ ಏನು ಬೇಕಾದರೂ ಮಾಡು, ಫ್ರಿಜ್ಜಿಗೆ ಮಾತ್ರ ಇಡಬೇಡ. ಅತ್ತೆಯವರಿಗೆ ಬೇಜಾರಾಗುತ್ತೆ ಅಂತಿದ್ದರೆ, ಶಿವಮೊಗ್ಗದ ದೊಡ್ಡಮ್ಮ ಬೇಡ ಅಂದರು ಅಂತ ನನ್ನ ಮೇಲೇ ಹಾಕು. ನನಗೇನೂ ತೊಂದರೆ ಇಲ್ಲ, ಈ ಮನೆಯಲ್ಲಿ ಎಲ್ಲ ನನ್ನ ಮೇಲೇ ಹಾಕಿ ಅಭ್ಯಾಸ ಇದೆ.

ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಅಕ್ಕ ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಟೀಚರ್ ಆಗಿದ್ದಳಲ್ಲ, ಆ ಶಾಲೆಯ ವಾರ್ಷಿಕೋತ್ಸವ. ಅಮ್ಮ ಚೆನ್ನಾಗಿ ಬಿಸ್ಕತ್ತು ಮಾಡುತ್ತಾರೆ ಅಂತ ಇವಳೇ ಹೇಳಿಕೊಂಡು ಬಂದಿದ್ದಾಳೆ. ಅವರೂ ಸರಿ ಅಂದು ಶಾಲೆಯ ಲೋಗೋ ಬರಬೇಕು ಅಂದರು. ಅದೂ ನಿಂದರ ಹಾಗೇ, ಕೆಂಪು ಗುರಾಣಿ, ಮಧ್ಯೆ ಬಿಳಿ ದೀಪ, ಕೆಳಗೆ ತೆರೆದ ಪುಸ್ತಕ. ನಾನು ಬಸ್ಸಲ್ಲಿ ಐಸಿಂಗ್ ಶುಗರ್ ಹೊತ್ತುಕೊಂಡು ಬೆಂಗಳೂರಿಗೆ ಬಂದು ನಿನ್ನ ಚಿಕ್ಕಮ್ಮನ ಮನೆಯಲ್ಲಿ ಕೂತು ಮಾಡಿದೆ. ದೀಪದ ಬತ್ತಿ ಸಮೇತ ಬಿಡಿಸಿದ್ದೆ ಕಣೇ. ಪುಸ್ತಕದ ಹಾಳೆಗೆ ಗೆರೆ ಕೂಡ ಎಳೆದಿದ್ದೆ. ರಾತ್ರಿ ಮಲಗುವ ಮುಂಚೆ ಎಲ್ಲ ತಟ್ಟೆಗಳನ್ನೂ ಊಟದ ಟೇಬಲ್ ಮೇಲೆ ಜೋಡಿಸಿ, ಫ್ಯಾನ್ ಹಾಕಿ, ಇದನ್ನು ಯಾರೂ ಮುಟ್ಟಬೇಡಿ ಅಂತ ಹೇಳಿ ಮಲಗಿದೆ.

ಬೆಳಗ್ಗೆ ಎದ್ದರೆ ಟೇಬಲ್ ಖಾಲಿ! ಇರುವೆ ಬರುತ್ತೆ ಅಂತ ನಿನ್ನ ಚಿಕ್ಕಮ್ಮ ಅಷ್ಟನ್ನೂ ಫ್ರಿಜ್ಜಿಗೆ ತುರುಕಿದ್ದಾಳೆ. ಆಗಷ್ಟೇ ತಂದ ಎರಡು ಬಾಗಿಲಿನ ಫ್ರಿಜ್ಜು, ಅದರಲ್ಲಿ ಏನಾದರೂ ಇಡಬೇಕು ಅಂತ ಅವಳಿಗೆ ಆಸೆ. ತೆಗೆದಾಗ ಚೆನ್ನಾಗೇ ಇದ್ದವು. ಹೊರಗೆ ಇಟ್ಟು ಕಾಫಿ ಕುಡಿದು ಬಂದು ನೋಡಿದರೆ ಒಂದೊಂದರ ಮೇಲೂ ಸಣ್ಣ ಸಣ್ಣ ನೀರಿನ ಹನಿ. ಬಿಸ್ಕತ್ತು ಬೆವರುತ್ತಿದೆ. ಮಳೆಗಾಲದ ಗಾಳಿಯಲ್ಲಿ ತೇವ ಇರುತ್ತೆ, ತಣ್ಣಗಿರುವ ವಸ್ತು ಹೊರಗೆ ಬಂದ ತಕ್ಷಣ ಅದು ಮೇಲೆ ಕೂರುತ್ತೆ. ಐಸಿಂಗ್ ಅಂದರೆ ಸಕ್ಕರೆ ತಾನೇ, ನೀರು ಕಂಡರೆ ಕರಗದೆ ಇರುತ್ತಾ? ಕೆಂಪು ಮೊದಲು ಗುರಾಣಿಯ ಅಂಚಲ್ಲಿ ನಿಂತಿತ್ತು, ಆಮೇಲೆ ಮೆಲ್ಲಗೆ ದೀಪದ ಬುಡಕ್ಕೆ ಬಂತು, ಆಮೇಲೆ ಬತ್ತಿವರೆಗೂ ಹತ್ತಿತು. ಒರೆಸಲು ಹೋದರೆ ಇನ್ನೂ ಹರಡುತ್ತೆ. ಆ ಹೆಡ್‌ಮಿಸ್ ಒಂದನ್ನು ಎತ್ತಿ ನೋಡಿ, ದೀಪಕ್ಕೆ ಏನಾದರೂ ಪೆಟ್ಟಾಗಿದೆಯಾ ಅಂತ ಕೇಳಿದರು. ಇವಳ ಮುಖ ನೋಡಬೇಕಿತ್ತು.

ಹಾಗಾಗಿ ಮತ್ತೆ ಹೇಳುತ್ತೇನೆ, ಬಣ್ಣ ಹಾಕಿದ ಮೇಲೆ ಫ್ರಿಜ್ಜಿಗೆ ಇಡಬೇಡ. ಹಸಿ ಹಿಟ್ಟನ್ನು ಬೇಕಾದರೆ ಇಡು, ಕತ್ತರಿಸಿದ ಮೇಲೆ ಅರ್ಧ ಗಂಟೆ ತಣ್ಣಗಾದರೆ ಓವನ್ನಲ್ಲಿ ಆಕಾರ ಹರಡಲ್ಲ. ಐಸಿಂಗ್ ಬಿದ್ದ ಮೇಲೆ ಆ ಬಾಗಿಲು ತೆಗೆಯಲೇಬೇಡ. ಇರುವೆ ಭಯ ಇದ್ದರೆ ಅಜ್ಜಿ ಮಾಡುತ್ತಿದ್ದ ಹಾಗೆ ಟೇಬಲ್ಲಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ಇಡು, ಮುಗೀತು. ಆವತ್ತು ನಾನು ಅಷ್ಟನ್ನೂ ಮಾಡಿಯೇ ಮಲಗಿದ್ದೆ. ಬಟ್ಟಲಲ್ಲಿ ನೀರು ಹಾಗೇ ಇತ್ತು, ಒಂದು ಇರುವೆ ಇಲ್ಲ.

ಆದರೆ ಈ ಕತೆ ನಮ್ಮ ಮನೆಯಲ್ಲಿ ಹೇಗೆ ಓಡಾಡುತ್ತಿದೆ ಹೇಳು? ದೊಡ್ಡಮ್ಮನ ರಕ್ತದ ಬಿಸ್ಕತ್ತು! ಯಾರದೇ ಮದುವೆ, ಯಾರದೇ ನಾಮಕರಣ, ಕೋಸಂಬರಿ ಬಡಿಸುವ ಮುಂಚೆ ಯಾರಾದರೊಬ್ಬರು ಶುರು ಮಾಡುತ್ತಾರೆ. ಫ್ರಿಜ್ಜಲ್ಲಿ ಇಟ್ಟವರು ಯಾರು ಅಂತ ಒಬ್ಬರೂ ಕೇಳಲ್ಲ. ಅವಳೂ ಈ ಗ್ರೂಪಲ್ಲೇ ಇದ್ದಾಳೆ, ಕೇಳಿಸಿಕೊಳ್ಳಲಿ, ಮುಚ್ಚುಮರೆ ಏನಿಲ್ಲ. ಅವಳ ಮನೆಯ ಅಟ್ಟದಲ್ಲಿ ಅಜ್ಜನ ಓವನ್ ಇನ್ನೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಆ ದುಂಡನೆಯ ಅಲ್ಯೂಮಿನಿಯಂ ಓವನ್, ಮುಚ್ಚಳದ ಮಧ್ಯೆ ಗಾಜಿನ ಕಿಂಡಿ, ವೈರಿಗೆ ಬಟ್ಟೆ ಸುತ್ತಿರುತ್ತಿತ್ತಲ್ಲ, ಅದೇ. ಸಾಗರದ ಮನೆ ಪಾಲಾದಾಗ ನಾನು ಬೇರೇನೂ ಕೇಳಲಿಲ್ಲ. ಕೊಪ್ಪರಿಗೆ ಬೇಡ ಅಂದೆ, ತಿಜೋರಿ ಬೇಡ ಅಂದೆ. ಓವನ್ ಒಂದು ಕೊಡಿ, ಅದರಲ್ಲಿ ಬಿಸ್ಕತ್ತು ಸುಟ್ಟವಳು ನಾನು ಅಂದೆ. ಅದು ಕೆಟ್ಟುಹೋಗಿದೆ ಅಕ್ಕ, ತಗೊಂಡು ಏನು ಮಾಡುತ್ತೀರಿ ಅಂದಳು. ಕೆಟ್ಟಿದ್ದರೆ ಬೆಂಗಳೂರಿನವರೆಗೂ ಯಾಕೆ ಹೊತ್ತುಕೊಂಡು ಹೋದೆ? ಈಗ ಅದರೊಳಗೆ ದೀಪಾವಳಿ ಸೀರಿಯಲ್ ಸೆಟ್ಟು ತುಂಬಿಟ್ಟಿದ್ದಾಳಂತೆ. ದೊಡ್ಡಪ್ಪನ ಹತ್ತಿರ ಹೇಳಿದರೆ, ಹೊಸದು ಕೊಡಿಸುತ್ತೇನೆ ಬಿಡು ಅನ್ನುತ್ತಾರೆ. ಹೊಸದು ಯಾರಿಗೆ ಬೇಕಾಗಿತ್ತು.

ಇರಲಿ. ನೀನು ಕೇಳಿದ್ದು ಅದಲ್ಲ. ಬಣ್ಣ ಇಳಿಯದ ಹಾಗೆ ಏನು ಮಾಡಬೇಕು ಅಂತ ಅಲ್ವಾ? ಹೇಳುತ್ತೇನೆ, ಕೇಳು.

ಮೊದಲು ಆ ಲೋಗೋ ಸ್ವಲ್ಪ ಕಡಿಮೆ ಮಾಡು ತಾಯಿ. ನೀನು ಕಳಿಸಿದ ಫೋಟೋ ನೋಡಿದೆ, ನಿಮ್ಮ ಸಂಘದವರು ಸರ್ಕಾರದ ಲಾಂಛನ ಮುಂದಿಟ್ಟುಕೊಂಡೇ ಬರೆಸಿದ್ದಾರೆ. ಎರಡು ಕಡೆ ಗಜಕೇಸರಿ, ಮೇಲೆ ನಾಲ್ಕು ಸಿಂಹ, ಕೆಳಗೆ ಸತ್ಯಮೇವ ಜಯತೆ. ಬಿಸ್ಕತ್ತು ಇರುವುದು ಎರಡೂವರೆ ಇಂಚು. ಇಷ್ಟೂ ಹಾಕಿದರೆ ಆನೆ ಯಾವುದು ಸಿಂಹ ಯಾವುದು ಅಂತ ಯಾರಿಗೂ ಗೊತ್ತಾಗಲ್ಲ. ಅದೂ ಅಲ್ಲದೆ ಆ ಸಿಂಹದ ಲಾಂಛನಕ್ಕೆ 2005ರಲ್ಲಿ ಕಾಯ್ದೆಯೇ ಬಂದಿದೆ, ಕಂಡಕಂಡಲ್ಲಿ ಹಾಕುವ ಹಾಗಿಲ್ಲ ಅಂತ ದೊಡ್ಡಪ್ಪ ಇಲ್ಲೇ ಪಕ್ಕದಲ್ಲಿ ಕೂತು ಹೇಳುತ್ತಿದ್ದಾರೆ. ಗುರಾಣಿ, ಒಳಗೆ ಹಕ್ಕಿ, ಅಷ್ಟು ಸಾಕು. ಹಕ್ಕಿಯನ್ನೂ ಬರೀ ನೆರಳಿನ ಹಾಗೆ ತುಂಬು, ಎರಡು ತಲೆ, ಬಿಚ್ಚಿದ ರೆಕ್ಕೆ, ಬಾಲ. ಆದರೆ ನೋಡಿ ಬಿಡಿಸುವುದಕ್ಕೆ ಬಳ್ಳಿಗಾವಿ ಕಂಬದ ಫೋಟೋ ತೆಗೀಬೇಡ, ಅಲ್ಲಿ ಇರುವುದು ಮನುಷ್ಯನ ಮೈಗೆ ಎರಡು ಹಕ್ಕಿ ತಲೆ. ಅದು 1047ರದ್ದು, ನೋಡಲಿಕ್ಕೆ ಚಂದ, ಆದರೆ ನಿಮ್ಮ ಸಂಘದವರು ಇದೇನು ಅಂತ ಕೇಳುತ್ತಾರೆ.

ಈಗ ಮುಖ್ಯ ವಿಷಯ. ಬಿಳಿ ಹಕ್ಕಿಯನ್ನು ಬಿಸ್ಕತ್ತಿನ ಮೇಲೆ ಬಿಡಿಸಲೇಬೇಡ. ಬೇರೆ ಮಾಡಿ ಅಂಟಿಸು. ಹಕ್ಕಿಯ ಚಿತ್ರವನ್ನು ಬೇಕಾದ ಅಳತೆಗೆ ಪ್ರಿಂಟ್ ತೆಗಿ, ಒಂದೇ ಹಾಳೆಯಲ್ಲಿ ಹತ್ತಿಪ್ಪತ್ತು ಬರಲಿ. ಅದರ ಮೇಲೆ ಬಟರ್ ಪೇಪರ್ ಹಾಸಿ ನಾಲ್ಕು ಮೂಲೆಗೂ ಟೇಪ್ ಹಚ್ಚು, ಅಡಿಯ ಗೆರೆ ಕಾಣುತ್ತೆ. ಮೆಹಂದಿ ಕೋನ್ ಕಟ್ಟುತ್ತೀಯಲ್ಲ, ಹಾಗೇ ಕೋನ್ ಕಟ್ಟಿ ಮೊದಲು ಗಟ್ಟಿ ಐಸಿಂಗಲ್ಲಿ ಹೊರಗೆರೆ ಎಳಿ, ಆಮೇಲೆ ಸ್ವಲ್ಪ ತೆಳು ಮಾಡಿ ಒಳಗೆ ತುಂಬು. ಚಮಚದಿಂದ ಬಿಟ್ಟರೆ ಬಿದ್ದ ಗೆರೆ ಹತ್ತು ಹದಿನೈದು ಸೆಕೆಂಡಲ್ಲಿ ಮಾಯ ಆಗಬೇಕು, ಅದೇ ಹದ. ಹಾಗೇ ಒಣಗಲು ಬಿಡು. ನಾಳೆ ರಾತ್ರಿಗೆ ಗಟ್ಟಿಯಾಗಿ ಹಾಳೆಯಿಂದ ಏಳುತ್ತೆ. ಕೆಲವು ಮುರಿಯುತ್ತವೆ, ಕತ್ತಿನ ಹತ್ತಿರವೇ ಮುರಿಯುವುದು. ಅದಕ್ಕೆ 60ಕ್ಕೆ 75 ಮಾಡು.

ಈ ಕೆಲಸ ಇವತ್ತೇ ಮಾಡು. ನಾಳೆ ಬೆಳಗ್ಗೆ ಬಿಸ್ಕತ್ತು ಸುಟ್ಟು, ಪೂರ್ತಿ ಆರಿದ ಮೇಲೆ ಕೆಂಪು ಗುರಾಣಿ ತುಂಬು. ಒಳಗೆ ಸ್ವಲ್ಪ ಬಿಸಿ ಇದ್ದರೂ ಐಸಿಂಗ್ ಕರಗುತ್ತೆ. ಒಂದು ಕೋಣೆಯಲ್ಲಿ ಕಿಟಕಿ ಮುಚ್ಚಿ ಟೇಬಲ್ ಫ್ಯಾನ್ ಹಾಕು, ಎ.ಸಿ. ಇದ್ದರೆ ಇನ್ನೂ ಒಳ್ಳೇದು, ಅದು ತೇವ ಎಳೆಯುತ್ತೆ. ನಾಳಿದ್ದು ಬೆಳಗ್ಗೆ ಎದ್ದು ಹಕ್ಕಿಯ ಬೆನ್ನಿಗೆ ಒಂದು ಚುಕ್ಕೆ ಐಸಿಂಗ್ ಹಚ್ಚಿ ಅಂಟಿಸಿಬಿಡು. ಒಣಗಿದ ಕೆಂಪು, ಒಣಗಿದ ಬಿಳಿ, ಎರಡೂ ಹಸಿಯಾಗಿ ಸೇರುವುದೇ ಇಲ್ಲ. ಕಣ್ಣು, ಗರಿಗೆ ಗೆರೆ ಬೇಕಿದ್ದರೆ ತಿನ್ನುವ ಬಣ್ಣದ ಪೆನ್ನು ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ.

ಕೆಂಪಿಗೆ ನೀರು ಬಣ್ಣ ಹಾಕಬೇಡ, ಜೆಲ್ ಬಣ್ಣ ತಗೋ. ಅದನ್ನೂ ಜಾಸ್ತಿ ಸುರಿಯಬೇಡ, ಕಹಿಯಾಗುತ್ತೆ, ಒಣಗುವುದೂ ಇಲ್ಲ. ಕಲಸಿದಾಗ ಸ್ವಲ್ಪ ಗುಲಾಬಿ ಅನ್ನಿಸಿದರೂ ಮುಚ್ಚಿ ಒಂದು ಗಂಟೆ ಬಿಡು, ತಾನೇ ಗಾಢ ಆಗುತ್ತೆ. ನಿನ್ನೆ ನಿನಗೆ ಇಳಿದದ್ದು ಇದರಿಂದಲೇ ಇರಬೇಕು, ಆ ಕೆಂಪು ನೋಡಿದರೇ ಗೊತ್ತಾಗುತ್ತೆ ಅರ್ಧ ಬಾಟಲಿ ಹಾಕಿದ್ದೀಯ.

ಅಯ್ಯೋ, ಮೊಟ್ಟೆ ವಿಷಯ ಹೇಳಲೇ ಇಲ್ಲ. ಮೆರಿಂಗ್ ಪೌಡರ್ ತಂದಿದ್ದೇನೆ ಅಂದೆಯಲ್ಲ, ಅದು ಒಣಗಿಸಿದ ಮೊಟ್ಟೆಯ ಬಿಳಿಯೇ. ಸಂಘದಲ್ಲಿ ತಿನ್ನದವರು ಇರುತ್ತಾರೆ, ಡಬ್ಬಿ ಓದಿಕೋ. ಅದನ್ನು ಬಿಟ್ಟು ಇವತ್ತು ಕಾಬೂಲಿ ಕಡಲೆ ನೆನೆಸಿದ್ದೀಯಾ ನೋಡು. ಬೇಯಿಸಿದ ನೀರನ್ನು ಚೆಲ್ಲದೆ, ಉಪ್ಪು ಹಾಕದೆ, ಲೋಳೆ ಲೋಳೆ ಆಗುವ ತನಕ ಕುದಿಸಿ ಆರಿಸು. ಅರ್ಧ ಕೆ.ಜಿ. ಐಸಿಂಗ್ ಶುಗರ್‌ಗೆ ನಾಲ್ಕೈದು ದೊಡ್ಡ ಚಮಚ, ನಾಲ್ಕು ಹನಿ ನಿಂಬೆರಸ, ಬೀಟರಲ್ಲಿ ಬಡಿದರೆ ಮೊಟ್ಟೆಯ ಹಾಗೇ ಬಿಳಿಯಾಗಿ ಏಳುತ್ತೆ. ಕಡಲೆ ವಾಸನೆ ಬರಲ್ಲ, ಹೆದರಬೇಡ. ನೆನೆಸಿಲ್ಲ ಅಂದರೆ ಈಗಲೇ ಬಿಸಿನೀರಲ್ಲಿ ಹಾಕಿ ಮುಚ್ಚಿಡು, ಸಂಜೆಗೆ ಕುಕ್ಕರಲ್ಲಿ ಬೇಯುತ್ತೆ. ಕಡಲೆಯನ್ನು ರಾತ್ರಿಗೆ ಛೋಲೆ ಮಾಡು, ನಿಮ್ಮ ಅತ್ತೆಗೂ ಇಷ್ಟ.