ಹಿಂದಿನವರ ರಾತ್ರಿ ಎರಡು ನಿದ್ದೆಗಳದ್ದಾಗಿತ್ತೇ?

ಪ್ರಶ್ನೆ (ಮೈಸೂರು):
ದೀಪಗಳು ಅಗ್ಗವಾಗುವ ಮುಂಚಿನ ಯುರೋಪಿನಲ್ಲಿ ಜನರು ಮುಂಜಾವದವರೆಗೆ ಒಂದೇ ಸಮನೆ ಮಲಗದೆ, ನಡುರಾತ್ರಿ ಎದ್ದು ಪ್ರಾರ್ಥನೆ, ಮಾತುಕತೆ, ಸಣ್ಣಪುಟ್ಟ ಕೆಲಸಗಳಲ್ಲಿ ಸ್ವಲ್ಪ ಹೊತ್ತು ಕಳೆದು ಮತ್ತೆ ಮಲಗುತ್ತಿದ್ದರೆಂದು ಇತಿಹಾಸಕಾರ ರೋಜರ್ ಎಕಿರ್ಚ್ ಹಳೆಯ ದಿನಚರಿಗಳನ್ನೂ ನ್ಯಾಯಾಲಯದ ಹೇಳಿಕೆಗಳನ್ನೂ ಆಧರಿಸಿ ವಾದಿಸಿದ್ದಾರೆ. ನಮ್ಮ ಸೀಮೆಯ ಹಿಂದಿನವರೂ ಹೀಗೆಯೇ ನಿದ್ರಿಸುತ್ತಿದ್ದರೆಂದು ಭಾವಿಸಬಹುದೇ?

ಉತ್ತರ 1 (ಮೈಸೂರು):
ಅಷ್ಟು ಸುಲಭವಾಗಿ ಭಾವಿಸಲಾಗದು. ಲಂಡನ್ನಿನಲ್ಲಿ ಡಿಸೆಂಬರಿನ ಇರುಳು ಸುಮಾರು 16 ಗಂಟೆಯದಾದರೆ, ಮೈಸೂರಿನಲ್ಲಿ ವರ್ಷದ ಅತಿ ದೀರ್ಘ ರಾತ್ರಿಯೂ ಹನ್ನೆರಡೂವರೆ ಗಂಟೆಯ ಆಸುಪಾಸಿನದು. 1990ರ ದಶಕದ ಆರಂಭದಲ್ಲಿ ಥಾಮಸ್ ವೇರ್ ಎಂಬ ಸಂಶೋಧಕರು ಕೆಲವರನ್ನು ದಿನಕ್ಕೆ 14 ಗಂಟೆ ಕತ್ತಲಲ್ಲಿ ಇರಿಸಿದಾಗ ಅವರ ನಿದ್ದೆ ಎರಡಾಗಿ ಒಡೆಯಿತು. ಅಂದರೆ ಕತ್ತಲಿನ ಉದ್ದವೇ ಇಲ್ಲಿ ಮುಖ್ಯ. ಟಾಂಜಾನಿಯಾ, ನಮೀಬಿಯಾ, ಬೊಲಿವಿಯಾಗಳಲ್ಲಿ ವಿದ್ಯುತ್ತಿಲ್ಲದೆ ಬದುಕುವ ಸಮುದಾಯಗಳ ಬಗ್ಗೆ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜನರು ಸೂರ್ಯ ಮುಳುಗಿ ಮೂರು ಗಂಟೆ ಕಳೆದ ಮೇಲೆ ಮಲಗಿ, ಹೆಚ್ಚಾಗಿ ಒಂದೇ ಸಲಕ್ಕೆ ನಿದ್ದೆ ಮುಗಿಸುತ್ತಿದ್ದುದು ಕಂಡುಬಂದಿದೆ. ನಮ್ಮ ಹಗಲಿರುಳುಗಳು ಅವರವಕ್ಕೆ ಹತ್ತಿರ.

ಉತ್ತರ 2 (ಮಂಡ್ಯ):
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ರಾತ್ರಿಯೆಂದರೆ ನಿದ್ದೆ ಮಾತ್ರವಲ್ಲ. ಏಳೂವರೆ ಗಳಿಗೆಗೆ, ಅಂದರೆ ಮೂರು ಗಂಟೆಗೆ, ಒಂದರಂತೆ ನಾಲ್ಕು ಜಾವಗಳಿದ್ದ ಇರುಳಿನಲ್ಲಿ ಕೊನೆಯ ಜಾವ ದುಡಿಮೆಗೆ ಸೇರಿದ್ದು: ಕೋಳಿ ಕೂಗುವ ಮೊದಲೇ ಎದ್ದು ಹೆಂಗಸರು ಹಾಡಿಕೊಂಡು ರಾಗಿ ಬೀಸುತ್ತಿದ್ದರು. ಹೊಂಗೆ, ಹರಳೆಣ್ಣೆಗಳ ಹಣತೆಯನ್ನು ಇರುಳಿಡೀ ಉರಿಸುವ ಅನುಕೂಲ ಎಲ್ಲ ಮನೆಗೂ ಇರಲಿಲ್ಲವಾದ್ದರಿಂದ, ಗಾಡಿ ಕಟ್ಟುವುದಕ್ಕೂ ನೆಂಟರೂರಿಗೆ ಹೋಗುವುದಕ್ಕೂ ಬೆಳದಿಂಗಳೇ ಹಿತ. ಮೂಡಲಪಾಯ ಯಕ್ಷಗಾನವಂತೂ ಬೆಳಗಿನವರೆಗೂ ನಡೆಯುತ್ತಿತ್ತು. ಮೇಲುಕೋಟೆಯ ವೈರಮುಡಿ ಉತ್ಸವ ಇಂದಿಗೂ ರಾತ್ರಿಯದೇ.

ವಿದ್ಯುತ್ತು ಬಂದೊಡನೆ ಇದೆಲ್ಲ ಬದಲಾಯಿತೆಂಬ ಮಾತನ್ನೂ ನಾನು ನಂಬುವುದಿಲ್ಲ. ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ಉತ್ಪಾದನೆ ಆರಂಭವಾಯಿತು, ಆದರೆ ಆ ವಿದ್ಯುತ್ತು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ತಂತಿಯ ಕೆಳಗಿನ ಹಳ್ಳಿಗಳಲ್ಲಿ ಎಷ್ಟೋ ವರ್ಷ ಸೀಮೆಎಣ್ಣೆಯ ಬುಡ್ಡಿಯೇ ಉರಿಯಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಒಂದೇ ಮನೆಯಲ್ಲಿ ಗಂಡಸರ ರಾತ್ರಿ ಬೇರೆ, ಹೆಂಗಸರ ರಾತ್ರಿ ಬೇರೆ ಆಗಿತ್ತೆನ್ನಬಹುದೇ?

ಉತ್ತರ 2 (ಮಂಡ್ಯ):
ಖಂಡಿತವಾಗಿ. ಕಪಿಲೆ ಹೊಡೆಯುವ, ಅಂದರೆ ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ, ದಿನಗಳಲ್ಲಿ ಗಂಡಸರೂ ನಸುಕಿಗೇ ಏಳುತ್ತಿದ್ದರು, ಆದರೆ ಅದು ಕೆಲವು ತಿಂಗಳ ಮಾತು; ಬೀಸುವ ಕಲ್ಲಿಗೆ ಹಾಗೆ ಬಿಡುವಿನ ಕಾಲವೆಂಬುದಿರಲಿಲ್ಲ. ಹಿಟ್ಟಿನ ಗಿರಣಿ ಊರಿಗೆ ಬಂದದ್ದು ಹೆಂಗಸರ ನಿದ್ದೆಯನ್ನು ದೀಪಕ್ಕಿಂತ ಹೆಚ್ಚು ಬದಲಿಸಿತೆಂದೇ ನನ್ನ ಅಂದಾಜು.